ಗೋಲ್ಡ್ ಸ್ಟಿಕರ್ ಆಮೇಲೆ, ಎಸ್‌ಎಂಪಿಎಸ್ ಎಷ್ಟು ಮಿಲಿಸೆಕೆಂಡ್ ತಡೆಯುತ್ತದೆ ಎಂದು ಮೊದಲು ನೋಡಿ

ಗೇಮಿಂಗ್ ಪಿಸಿಯ ಎಸ್‌ಎಂಪಿಎಸ್ ಬಗ್ಗೆ ಬರುವ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಮಾತು ಕೇಳುತ್ತವೆ: ಎಷ್ಟು ವ್ಯಾಟ್‌ದು ತಗೊಳ್ಳಲಿ, ಗೋಲ್ಡ್ (ಕರೆಂಟ್ ಪೋಲು ಕಡಿಮೆ ಎನ್ನುವ ಸ್ಟಿಕರ್; ಬ್ರಾಂಜ್ ಅದಕ್ಕಿಂತ ಕೆಳಗಿನದು) ಬೇಕೇ? ಗ್ರಾಫಿಕ್ಸ್ ಕಾರ್ಡ್ ಆರಿಸಲು ತಿಂಗಳುಗಟ್ಟಲೆ ವಿಡಿಯೊ ನೋಡುವವರು, ಆ ಕಾರ್ಡಿಗೆ ಕರೆಂಟ್ ಕೊಡುವ ಡಬ್ಬಿಯನ್ನು ಮಾತ್ರ ಅಂಗಡಿಯವರು ಕೈಗೆ ಕೊಟ್ಟದ್ದನ್ನೇ ತಂದುಬಿಡುತ್ತಾರೆ. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವು ಅಷ್ಟು ಜಾಗ ಬೇಡುವುದಿಲ್ಲ.

ಪ್ರಶ್ನೆ: ರೈಜನ್ 5 7600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4070 ಸೂಪರ್ ಕಾರ್ಡ್ ಹಾಕಿ ಪಿಸಿ ಕಟ್ಟಿಸುತ್ತಿದ್ದೇನೆ. 650 ವ್ಯಾಟ್ ಬ್ರಾಂಜ್, 750 ವ್ಯಾಟ್ ಗೋಲ್ಡ್ ಎರಡೂ ನನ್ನ ಬಜೆಟ್ಟಿನಲ್ಲಿವೆ. ಅಂಗಡಿಯವರು ಅದೇ ದುಡ್ಡಿಗೆ 1000 ವ್ಯಾಟ್‌ದು ಕೊಡುತ್ತೇವೆ ಎನ್ನುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದೆ. ಈಗಿರುವ ಪಿಸಿ ಕರೆಂಟ್ ಹೋದಾಗಲೆಲ್ಲ ಗೇಮ್ ಮಧ್ಯೆ ರೀಸ್ಟಾರ್ಟ್ ಆಗುತ್ತದೆ. ಯಾವುದು ತಗೊಳ್ಳಲಿ? (ದಾವಣಗೆರೆ)

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ವರ್ಟರ್ ಸಂಗತಿ. ಅಲ್ಲಿಗೆ ಬರುತ್ತೇನೆ. ಮೊದಲು ಆ 1000 ವ್ಯಾಟ್‌ದನ್ನು ಪಕ್ಕಕ್ಕಿಡೋಣ.

ನಿಮ್ಮ ಪ್ರೊಸೆಸರ್ ಎಷ್ಟೇ ದುಡಿದರೂ ಮದರ್‌ಬೋರ್ಡಿನ ಸಾಕೆಟ್ಟಿನಿಂದ ಎಳೆಯುವುದು 88 ವ್ಯಾಟ್. ಕಾರ್ಡಿನದು 220. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಧಾರಾಳವಾಗಿ 50 ಹಿಡಿದರೂ ಒಟ್ಟು 360 ದಾಟುವುದಿಲ್ಲ. ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದೂ 650 ವ್ಯಾಟ್ ಸಾಕು ಎಂದೇ. ಹಾಗಿರುವಾಗ 750 ವ್ಯಾಟಿನ ದುಡ್ಡಿಗೆ 1000 ವ್ಯಾಟ್ ಕೊಡುವವರು ಒಳಗೆ ಎಲ್ಲೋ ಕೈ ಬಿಗಿ ಹಿಡಿದಿದ್ದಾರೆ ಎಂದೇ ಅರ್ಥ. ಡಬ್ಬಿ ತಿರುಗಿಸಿ ಲೇಬಲ್ ಓದಿ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟ್ ಸಾಲಿನಿಂದ. ಆ ಸಾಲಿನ ಕೆಳಗೆ ಬರೆದ ಆಂಪಿಯರನ್ನು 12ರಿಂದ ಗುಣಿಸಿ. 650 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 54 ಆಂಪಿಯರ್ ಇರುತ್ತದೆ, ಅಂದರೆ 648 ವ್ಯಾಟ್, ಹೆಚ್ಚುಕಡಿಮೆ ಪೂರ್ತಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘500 ವ್ಯಾಟ್’ ಡಬ್ಬಿಗಳಲ್ಲಿ ಅದೇ ಜಾಗದಲ್ಲಿ 18 ಆಂಪಿಯರ್ ಬರೆದಿರುವುದನ್ನು ನೋಡಿದ್ದೇನೆ. ಲೆಕ್ಕ ಹಾಕಿದರೆ 216 ವ್ಯಾಟ್. ಅಂಥ ಒಂದನ್ನು ಬಿಚ್ಚಿದಾಗ ಕರೆಂಟ್ ಒಳಬರುವ ಕಡೆ ಫಿಲ್ಟರ್ ಕಾಯಿಲ್ ಕೂರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ ಬೆಸುಗೆ ಹಾಕಿದ್ದರು. ಸರ್ಜ್ ತಡೆಯುವ ಎಂಒವಿಗೆ ಬೋರ್ಡಿನಲ್ಲಿ ತೂತುಗಳಿದ್ದವು, ಬಿಡಿಭಾಗ ಇರಲಿಲ್ಲ.

ಈಗ ಇನ್ವರ್ಟರ್. ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಆ ಕ್ಷಣದಲ್ಲಿ ಪಿಸಿಯನ್ನು ಹಿಡಿದಿಟ್ಟುಕೊಳ್ಳುವುದು ಎಸ್‌ಎಂಪಿಎಸ್ ಒಳಗಿನ ದಪ್ಪ ಕೆಪ್ಯಾಸಿಟರ್ ಒಂದೇ. ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಹೋಲ್ಡ್-ಅಪ್ ಟೈಮ್ ಎನ್ನುತ್ತಾರೆ. ಇಂಟೆಲ್‌ನ ಎಟಿಎಕ್ಸ್ 3.1 ನಿಯಮದ (ಪಿಸಿಯ ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ ನಿಯಮ) ಪ್ರಕಾರ 80 ಶೇಕಡಾ ಲೋಡಿನಲ್ಲಿ 17 ಮಿಲಿಸೆಕೆಂಡ್, ಪೂರ್ತಿ ಲೋಡಿನಲ್ಲಿ 12 ಮಿಲಿಸೆಕೆಂಡ್ ತಡೆಯಬೇಕು. ಖರ್ಚು ಉಳಿಸಲು ತಯಾರಕರು ಮೊದಲು ಕೈ ಹಾಕುವುದು ಈ ಕೆಪ್ಯಾಸಿಟರಿಗೇ, ಏಕೆಂದರೆ ಅದು ದುಬಾರಿ, ಮತ್ತು ಚಿಕ್ಕದು ಹಾಕಿದರೆ ಸ್ಟಿಕರ್ ಮೇಲೆ ಎಲ್ಲೂ ಗೊತ್ತಾಗುವುದಿಲ್ಲ. 470 ಮೈಕ್ರೋಫ್ಯಾರಡ್‌ನದು 390 ವೋಲ್ಟಿನಿಂದ 300ಕ್ಕೆ ಇಳಿಯುವಷ್ಟರಲ್ಲಿ 650 ವ್ಯಾಟ್ ಲೋಡನ್ನು ಅಂದಾಜು 20 ಮಿಲಿಸೆಕೆಂಡ್ ಎಳೆಯುತ್ತದೆ. 330ರದು 14ಕ್ಕೆ ಕೈ ಚೆಲ್ಲುತ್ತದೆ. ಲೋಡ್ ಅರ್ಧವಾದರೆ ಸಮಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 360 ವ್ಯಾಟಿಗೆ 650 ಅಥವಾ 750ರದು ತಗೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ‘ಮುಂದೆ ಬೇಕಾಗಬಹುದು’ ಎಂಬ ಕಾರಣಕ್ಕಲ್ಲ.

ಇನ್ನೊಂದು ಕೊನೆ ನಿಮ್ಮ ಕೈಯಲ್ಲೇ ಇದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಆ ಮೋಡಿನಲ್ಲಿ ಬದಲಾವಣೆಗೆ ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಫ್ಯಾನು, ಲೈಟಿಗೆಂದು ಇರುವ ಸಾದಾ ಮೋಡಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು, ಯಾವ ಎಸ್‌ಎಂಪಿಎಸ್ ಕೂಡ ಅಷ್ಟು ಹೊತ್ತು ತಡೆಯಬೇಕಾಗಿಲ್ಲ. ಹಾಗೆಯೇ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ (ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವಂಥದ್ದು) ಆಗಿದ್ದರೆ ಆಕ್ಟಿವ್ ಪಿಎಫ್‌ಸಿ (ಗೋಡೆಯ ಅಲೆಗೆ ತಕ್ಕಂತೆ ಕರೆಂಟ್ ಎಳೆಯುವ ಸರ್ಕ್ಯೂಟ್) ಇರುವ ಇವತ್ತಿನ ಎಸ್‌ಎಂಪಿಎಸ್‌ಗಳು ಅದರ ಜೊತೆ ಮುನಿಸಿಕೊಂಡು ಆಫ್ ಆಗುವುದುಂಟು. ಸೈನ್ ವೇವ್‌ನದೇ ಬೇಕು. ಇನ್ವರ್ಟರಿಗೆ 360 ವ್ಯಾಟ್ ಪಿಸಿಯ ಜೊತೆ ಮನೆಯ ಉಳಿದ ಲೋಡನ್ನೂ ಹೊರುವ ಶಕ್ತಿ ಇದೆಯೇ ಎಂದು ಕೂಡಿಸಿ ನೋಡಿಕೊಳ್ಳಿ.

ಇನ್ನು ಗೋಲ್ಡ್. ಆ 80 ಪ್ಲಸ್ ಸ್ಟಿಕರ್ ಹೇಳುವುದು ಒಂದನ್ನೇ: ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪುತ್ತದೆ. ಅರ್ಧ ಲೋಡಿನಲ್ಲಿ ಬ್ರಾಂಜ್‌ಗೆ 85 ಶೇಕಡಾ, ಗೋಲ್ಡ್‌ಗೆ 90. ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಕಳೆದವರಿಗೆ ಅದು ಎಷ್ಟು ದೂರದ ಮಾತು ಎಂದು ಹೇಳಬೇಕಿಲ್ಲ. 350 ವ್ಯಾಟಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿದರೆ ಗೋಲ್ಡ್‌ನಿಂದ ಉಳಿಯುವುದು ತಿಂಗಳಿಗೆ ಮೂರು ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 20 ರೂಪಾಯಿ. ಬಿಲ್ ಉಳಿಸಲು ಗೋಲ್ಡ್ ತಗೊಳ್ಳಿ ಎನ್ನುವವರ ಮಾತು ಕೇಳಬೇಡಿ. ಗೋಲ್ಡ್ ಮುಟ್ಟಬೇಕಾದರೆ ಸಾಮಾನ್ಯವಾಗಿ ಒಳಗಿನ ವಿನ್ಯಾಸವೇ ಒಳ್ಳೆಯದಾಗಿರಬೇಕಾಗುತ್ತದೆ, ಅದರಿಂದ ಬಿಸಿಯೂ ಫ್ಯಾನ್ ಸದ್ದೂ ಕಡಿಮೆ. ಗೋಲ್ಡ್ ಪರ ನಾನು ಒಪ್ಪುವ ವಾದ ಇಷ್ಟೇ.

ಗೋಲ್ಡ್ ಎಂದರೆ ಸುರಕ್ಷಿತ ಎಂದು ನಂಬಿದವರು 2021ರ ಸುದ್ದಿಯನ್ನು ನೆನಪಿಸಿಕೊಳ್ಳಲಿ. ಗಿಗಾಬೈಟ್‌ನ ಜಿಪಿ-ಪಿ750ಜಿಎಂ, ಜಿಪಿ-ಪಿ850ಜಿಎಂ ಎರಡಕ್ಕೂ ಗೋಲ್ಡ್ ಸ್ಟಿಕರ್ ಇತ್ತು, ವಿಮರ್ಶಕರ ಪರೀಕ್ಷೆಯಲ್ಲಿ ಅವು ಸಿಡಿದವು. ಲೋಡ್ ಮಿತಿ ಮೀರಿದಾಗ ತಾನೇ ಆಫ್ ಆಗಬೇಕಾದ ಒಪಿಪಿ ರಕ್ಷಣೆ 120ರಿಂದ 150 ಶೇಕಡಾದವರೆಗೆ ಸಡಿಲವಾಗಿತ್ತು. ಗದ್ದಲದ ಬಳಿಕ ಕಂಪನಿ ಆ ಮಿತಿಯನ್ನು 110–120 ಶೇಕಡಾಕ್ಕೆ ಇಳಿಸಿ, ಹಳೆಯವನ್ನು ಬದಲಿಸಿಕೊಡಲು ಒಪ್ಪಿತು. 80 ಪ್ಲಸ್ ಪರೀಕ್ಷೆ ರಕ್ಷಣೆಗಳ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ನಿಮಗೆ ಸಿಗುತ್ತಿರುವ ಎರಡೂ ಮಾದರಿಗಳ ಪೂರ್ತಿ ಹೆಸರು, ಕೊನೆಯ ಅಕ್ಷರವೂ ಬಿಡದಂತೆ, ಬರೆದುಕೊಳ್ಳಿ. ಒಂದೇ ಕಂಪನಿಯ ಒಂದೇ ಹೆಸರಿನ ಸರಣಿಯಲ್ಲಿ ವರ್ಷದಿಂದ ವರ್ಷಕ್ಕೆ ತಯಾರಕರೇ ಬದಲಾಗಿರುತ್ತಾರೆ. ಸೈಬನೆಟಿಕ್ಸ್ ಸಂಸ್ಥೆ ತಾನು ಪರೀಕ್ಷಿಸಿದವುಗಳ ವರದಿಯನ್ನು ಪುಕ್ಕಟೆ ಹಾಕುತ್ತದೆ, ನಮ್ಮಲ್ಲಿರುವ 230 ವೋಲ್ಟಿನ ಅಂಕಿಗಳೂ ಸಿಗುತ್ತವೆ. ಅದರಲ್ಲಿ ಹೋಲ್ಡ್-ಅಪ್ 17 ಮಿಲಿಸೆಕೆಂಡ್ ಮುಟ್ಟಿದೆಯೇ, 12 ವೋಲ್ಟಿನ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) 120 ಮಿಲಿವೋಲ್ಟಿನ ಮಿತಿಗಿಂತ ಬಹಳ ಕೆಳಗಿದೆಯೇ, ಬಿಸಿ ಹೆಚ್ಚಾದಾಗ ಆಫ್ ಮಾಡುವ ಒಟಿಪಿ ಇದೆಯೇ ನೋಡಿ. ನಿಮ್ಮ ಕಾರ್ಡ್ ಕಣ್ಣು ಮಿಟುಕಿಸುವುದರೊಳಗೆ ತನ್ನ 220 ವ್ಯಾಟನ್ನು ದಾಟಿ ಜಿಗಿಯುತ್ತಲೇ ಇರುತ್ತದೆ. ಆ ಜಿಗಿತಗಳನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದು 2022ರ ಎಟಿಎಕ್ಸ್ 3.0. ಆದ್ದರಿಂದ ಹೊಸದಾಗಿ ತಗೊಳ್ಳುವವರು 3.0 ಅಥವಾ 3.1ರದನ್ನೇ ತಗೊಳ್ಳಿ. ವಾರಂಟಿ ಐದು ವರ್ಷಕ್ಕಿಂತ ಕಡಿಮೆ ಇದ್ದರೆ ನಾನು ಮುಟ್ಟುವುದಿಲ್ಲ. ವರದಿಯೇ ಸಿಗದ 750 ಗೋಲ್ಡ್‌ಗಿಂತ ಒಳ್ಳೆಯ ವರದಿ ಇರುವ 650 ಬ್ರಾಂಜ್ ಮೇಲು. ಎರಡಕ್ಕೂ ವರದಿ ಚೆನ್ನಾಗಿದ್ದರೆ 750 ಗೋಲ್ಡ್ ತಗೊಳ್ಳಿ.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆಯೇ? (ಶಿರಸಿ)

ಬಹುಮಟ್ಟಿಗೆ ಕೆಟ್ಟಿರುವುದು ನಿಮ್ಮ ಅರ್ಥಿಂಗ್. ಎಸ್‌ಎಂಪಿಎಸ್ ಒಳಗೆ ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಒಂದೊಂದು ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಅರ್ಥ್ ಇಲ್ಲದಿದ್ದರೆ ಮೈಮೇಲೆ 230ರ ಅರ್ಧದಷ್ಟು ವೋಲ್ಟ್ ನಿಲ್ಲುತ್ತದೆ. ಜುಮ್ ಎನ್ನುವುದು ಅದೇ. ಇದನ್ನು ಸರಿಮಾಡಲು ಸ್ವಿಚ್ ಬೋರ್ಡಿನೊಳಗೆ ನ್ಯೂಟ್ರಲ್‌ಗೂ ಅರ್ಥ್ ಪಿನ್ನಿಗೂ ತಂತಿ ಸೇರಿಸಿಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ನಿಮ್ಮ ಕ್ಯಾಬಿನೆಟ್, ಅದೇ ಸಾಲಿನ ಗೀಸರ್, ಫ್ರಿಜ್ಜು ಎಲ್ಲದರ ಮೈಗೂ ಪೂರ್ತಿ 230 ವೋಲ್ಟ್ ಬರುತ್ತದೆ. ಇದರಿಂದ ಜೀವ ಹೋಗುತ್ತದೆ. ಅರ್ಥ್ ಗುಂಡಿ ತೋಡಿಸಿ, ತಂತಿ ಎಳೆಸಿ, ಅಲ್ಲಿಯವರೆಗೆ ಆ ಪಿಸಿ ಆನ್ ಮಾಡಬೇಡಿ.

ಪ್ರಶ್ನೆ: ಪಿಸಿಗೆ ಸ್ಟೆಬಿಲೈಜರ್ ಬೇಕೇ? (ಗದಗ)

ಲೇಬಲ್ ಮೇಲೆ 100–240 ವೋಲ್ಟ್ ಎಂದಿದ್ದರೆ ಬೇಡ.

ಪ್ರಶ್ನೆ: ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದಾಗ ಫ್ಯಾನ್ ತಿರುಗಿತು. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಸರಿ ಇದೆ ತಾನೆ? (ಬೆಂಗಳೂರು)

ಅದು ಆನ್ ಆಗುತ್ತದೆ ಎಂದಷ್ಟೇ ಗೊತ್ತಾಯಿತು. ಲೋಡಿನಲ್ಲಿ ಹೇಗಿರುತ್ತದೆ ಎಂದು ಕ್ಲಿಪ್ಪಿಗೂ ಗೊತ್ತಾಗುವುದಿಲ್ಲ, ಮಲ್ಟಿಮೀಟರಿಗೂ ಗೊತ್ತಾಗುವುದಿಲ್ಲ. ಎಸ್‌ಪಿ ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಿಲ್ ಇಲ್ಲದ ಎಸ್‌ಎಂಪಿಎಸ್ ತರಬೇಡಿ.

ಪ್ರಶ್ನೆ: ಹೊಸ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ಗೆ ಹಳೆಯದರ ಕೇಬಲ್ ಸರಿಯಾಗಿ ಕೂರುತ್ತದೆ. ಬಳಸಲೇ? (ಮೈಸೂರು)

ಬೇಡವೇ ಬೇಡ. ಮದರ್‌ಬೋರ್ಡ್, ಡ್ರೈವ್ ಕಡೆಯ ತುದಿಗೆ ಮಾತ್ರ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳನ್ನು ಒಂದೊಂದು ಕಂಪನಿ ಒಂದೊಂದು ಥರ ಜೋಡಿಸುತ್ತದೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರುತ್ತದೆ. 5 ವೋಲ್ಟ್ ಬರಬೇಕಾದ ಪಿನ್ನಿಗೆ 12 ವೋಲ್ಟ್ ಬಂದರೆ ಎಸ್‌ಎಸ್‌ಡಿಯೂ ಅದರೊಳಗಿನ ಫೋಟೊಗಳೂ ಆ ಕ್ಷಣಕ್ಕೇ ಹೋಗುತ್ತವೆ. ಹಳೆಯ ಕೇಬಲ್‌ಗಳನ್ನು ಹಳೆಯ ಡಬ್ಬಿಗೇ ಕಟ್ಟಿ, ಅದರ ಹೆಸರು ಬರೆದಿಡಿ.