ಲೆಕ್ಕದ ಮಾತಿನ ಪ್ರೇಮಪದ್ಯ: ಅರ್ಥ ಮಾಡುವುದು ಹೇಗೆ?

ಡೊಂಬಿವಲಿಯ ನಿಮ್ಮ ಓದುಬಳಗದಲ್ಲಿ ಪ್ರೇಮಿಗಳ, ಗಂಡಹೆಂಡಿರ ನಂಟನ್ನು ಗಣಿತದಲ್ಲಿ ಹೇಳುವ ಪದ್ಯ ಬಂದಾಗೆಲ್ಲ ಚರ್ಚೆ ‘ಇಬ್ಬರೂ ಒಂದಾದರು’ ಎಂಬಲ್ಲಿಗೆ ನಿಂತುಬಿಡುತ್ತದೆ, ಮುಂದಕ್ಕೆ ಓದುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಪೆನ್ನು ಹಿಡಿದು ಲೆಕ್ಕ ಬಿಡಿಸಿ. ಭಾವಾರ್ಥ ಆಮೇಲೆ. ಬಿಡಿಸಿದ ಮೇಲೆ ಶೇಷ ಏನು ಉಳಿಯಿತು ಎಂದು ನೋಡಿ, ಪದ್ಯದ ಜೀವ ಬಹಳ ಸಲ ಅಲ್ಲೇ ಇರುತ್ತದೆ.

ಭಾಸ್ಕರಾಚಾರ್ಯರ ಗಣಿತಗ್ರಂಥ ‘ಲೀಲಾವತಿ’ಯ (1150) ದುಂಬಿಯ ಪದ್ಯದಿಂದಲೇ ಶುರು ಮಾಡಿ. ಹಿಂಡಿನ ಐದನೇ ಒಂದು ಪಾಲು ಕದಂಬಕ್ಕೆ ಹೋಯಿತು, ಮೂರನೇ ಒಂದು ಶಿಲೀಂಧ್ರದ ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ. ಒಂದು ದುಂಬಿ ಉಳಿಯಿತು. ಕೇತಕಿ, ಮಾಲತಿ ಎರಡರ ಪರಿಮಳವೂ ಒಂದೇ ಹೊತ್ತಿಗೆ ಪ್ರಿಯೆಯ ದೂತರ ಹಾಗೆ ಕರೆದು, ಅದು ಆಕಾಶದಲ್ಲಿ ಅತ್ತಿತ್ತ ತೂಗಾಡುತ್ತಿದೆ. 15ರ ಛೇದಕ್ಕೆ ತನ್ನಿ: 3, 5, 6, ಕೂಡಿದರೆ 14. ಒಟ್ಟು ದುಂಬಿ 15. ನೆಲೆ ಸಿಕ್ಕ ಹದಿನಾಲ್ಕರ ಬಗ್ಗೆ ಕವಿ ಒಂದು ವಿಶೇಷಣವನ್ನೂ ಖರ್ಚು ಮಾಡುವುದಿಲ್ಲ. ಅರ್ಧ ಪದ್ಯ ಆ ಒಂದಕ್ಕೇ ಮೀಸಲು. ಜೊತೆಗೆ, ಲೆಕ್ಕ ಕೇಳುವವನು ಎದುರಿನವಳನ್ನು ‘ಮೃಗಾಕ್ಷಿ’, ‘ಕಾಂತೇ’ ಎಂದು ಕರೆಯುತ್ತಿದ್ದಾನೆ. ಅಂದರೆ ಲೆಕ್ಕ ಬಿಡಿಸುವವಳೂ ಪದ್ಯದೊಳಗೇ ಇದ್ದಾಳೆ. (ಲೀಲಾವತಿ ಭಾಸ್ಕರರ ಮಗಳು ಎಂಬ ಕಥೆ ಹರಡಿದ್ದು ಅಕ್ಬರನ ಆಸ್ಥಾನಕವಿ ಫೈಜಿಯ 1587ರ ಪಾರಸಿ ಅನುವಾದದಿಂದ. ಅದನ್ನು ನಂಬಿ ಅರ್ಥ ಕಟ್ಟಬೇಡಿ.)

ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕಿಂತ ಮೊನಚಾದ ಒಂದು ಲೆಕ್ಕವಿದೆ. ವಸಂತದ ರಾತ್ರಿ ಗಂಡಹೆಂಡಿರ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರನೇ ಒಂದು ದಾಸಿಯ ಕಡೆ, ಆರನೇ ಒಂದು ಹಾಸಿಗೆಗೆ. ಮಿಕ್ಕದ್ದರಲ್ಲಿ ಅರ್ಧ, ಮತ್ತೆ ಅರ್ಧ, ಹೀಗೆ ಆರು ಸಲ ಚೆಲ್ಲಿ ಕೊನೆಗೆ 1161 ಉಳಿಯುತ್ತವೆ. ಮೊದಲೆರಡು ಪಾಲು ಸೇರಿ ಅರ್ಧ, ಆಮೇಲೆ ಆರು ಸಲ ಅರ್ಧ, ಅಂದರೆ ಉಳಿದದ್ದು ಹಾರದ 128ನೇ ಒಂದು ಪಾಲು. 1161ನ್ನು 128ರಿಂದ ಗುಣಿಸಿ: 1,48,608 ಮುತ್ತು! ಯಾವ ಕೊರಳೂ ಹೊರಲಾರದ ಹಾರ. ಈ ಅಸಾಧ್ಯ ಸಂಖ್ಯೆ ಲೆಕ್ಕ ಮಾಡದವರ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲರ್ಧ ಎಲ್ಲಿ ಬಿತ್ತೆಂದು ಗೊತ್ತು, ಆಮೇಲಿನದು ದಿಕ್ಕಾಪಾಲು. ಜಗಳ ನಡೆಯುವ ಕ್ರಮವೂ ಹಾಗೇ ಅಲ್ಲವೇ? ಎಷ್ಟು ಸಲ ಅರ್ಧ ಮಾಡಿದರೂ ಸೊನ್ನೆ ಬರುವುದಿಲ್ಲ ಎಂಬುದನ್ನೂ ಗಮನಿಸಿ.

ಹೊಸ ಪದ್ಯಗಳಲ್ಲಿ ಹೆಚ್ಚು ಎಡವುವುದು ರೇಖೆಗಳಲ್ಲಿ. ‘ಹತ್ತಿರ ಬಂದರೂ ಸೇರದ’ ಜೋಡಿಯನ್ನು ಸಮಾಂತರ ಎಂದುಬಿಡುತ್ತಾರೆ. ಸಮಾಂತರ ರೇಖೆಗಳು ಹತ್ತಿರ ಬರುವುದೇ ಇಲ್ಲ. ದಾದರಿನ ಸೇತುವೆಯಿಂದ ನೋಡಿದರೆ ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವೆ, ಅಲ್ಲಿಗೇ ಹೋಗಿ ಅಳೆದರೆ ಅದೇ 1,676 ಮಿಲಿಮೀಟರ್. ಕೂಡುತ್ತವೆ ಎಂದು ಪದ್ಯ ಹೇಳಿದರೆ, ನೋಡುವವರು ಎಲ್ಲಿ ನಿಂತಿದ್ದಾರೆ ಎಂದು ಕೇಳಿ. ಅನಂತಸ್ಪರ್ಶಕದ (ವಕ್ರರೇಖೆಯೊಂದು ಹತ್ತಿರ ಹತ್ತಿರ ಬರುತ್ತಲೇ ಇದ್ದರೂ ಮುಟ್ಟದ ಸರಳರೇಖೆಯ) ಮಾತು ಬೇರೆ: 1ನ್ನು 10ರಿಂದ ಭಾಗಿಸಿದರೆ 0.1, 1000ದಿಂದ ಭಾಗಿಸಿದರೆ 0.001, ಅಂತರ ಕುಗ್ಗುತ್ತಲೇ ಇರುತ್ತದೆ, ಮುಗಿಯುವುದಿಲ್ಲ. ಒಂದರಲ್ಲಿ ದೂರ ಖಾಯಂ, ಇನ್ನೊಂದರಲ್ಲಿ ಆಸೆ ಖಾಯಂ. ಇವೆರಡನ್ನು ಬೆರೆಸಿದರೆ ಪದ್ಯದ ಸಂಕಟವೇ ಬದಲಾಗುತ್ತದೆ.

ಸೊನ್ನೆಯಿಂದ ಭಾಗಿಸಿದ್ದರೆ ಕವಿ ಯಾವ ಗಣಿತದಲ್ಲಿ ನಿಂತಿದ್ದಾರೆ ನೋಡಿ. ಭಾಸ್ಕರರಿಗೆ ಅದು ‘ಖಹರ’, ಏನು ಕೂಡಿದರೂ ಕಳೆದರೂ ಬದಲಾಗದ ಅನಂತ. ಇಂದಿನ ಶಾಲೆಯ ಗಣಿತದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಒಂದು ತುಂಬಿದ ನಂಟು, ಇನ್ನೊಂದು ಹೇಳಲು ಬಾರದ್ದು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಪದ್ಯದ ಸಂಖ್ಯೆ ಬದಲಿಸಿ ಓದಿ. ಏಳರ ಜಾಗದಲ್ಲಿ ಒಂಬತ್ತು ಹಾಕಿದರೂ ಏನೂ ಕೆಡದಿದ್ದರೆ ಆ ಗಣಿತ ಬರೀ ಅಲಂಕಾರ, ಅದರ ಮೇಲೆ ಸಂಜೆಯಿಡೀ ಚರ್ಚಿಸುವ ಅಗತ್ಯವಿಲ್ಲ.