ಓದುಗರ ಪ್ರಶ್ನೆ: ಬೋಟಿನ ಶಾಫ್ಟ್ ಬದಲಿಸುವಾಗ

ಪ್ರಶ್ನೆ: ವಾಣಿವಿಲಾಸ ಸಾಗರದಲ್ಲಿ ಓಡಿಸಲೆಂದು ಕರಾವಳಿಯಿಂದ ಹಳೆಯ ಡೀಸೆಲ್ ಬೋಟೊಂದನ್ನು ಕೊಂಡು ತಂದಿದ್ದೇವೆ. ಎಂಜಿನ್ ಒಳಗೇ ಇರುವ ಫೈಬರ್ ಬೋಟು. ಎಂಜಿನ್ ಕಡೆಯಿಂದ ಪ್ರೊಪೆಲ್ಲರಿಗೆ ಹೋಗುವ ಸರಳು, ಅಂದರೆ ಶಾಫ್ಟ್, 35 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲಿನದು. ವೇಗ ಹೆಚ್ಚಿಸಿದರೆ ತಳವೆಲ್ಲ ನಡುಗುತ್ತದೆ, ಶಾಫ್ಟ್ ಹೊರಹೋಗುವ ಕಡೆ ನೀರೂ ಸೋರುತ್ತದೆ. ದಡಕ್ಕೆಳೆದು ನೋಡಿದಾಗ ಗ್ಲ್ಯಾಂಡಿನ (ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಭಾಗದ) ಬಳಿ ಶಾಫ್ಟ್ ಸವೆದು ಸಣ್ಣ ಗುಳಿಗಳು ಬಿದ್ದಿರುವುದು ಕಂಡಿತು. ಸವೆದಲ್ಲಿ ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಸರಿಮಾಡಿ ಕೊಡುತ್ತೇನೆ ಎಂದು ಇಲ್ಲಿಯ ಟರ್ನರೊಬ್ಬರು ಹೇಳುತ್ತಾರೆ. ಹೊಸದನ್ನೇ ಹಾಕಬೇಕೆ? ಹಾಕುವುದಾದರೆ ಜತೆಗೆ ಏನೇನು ಬದಲಿಸಬೇಕು?
– ಓದುಗರೊಬ್ಬರು, ಹಿರಿಯೂರು

ಉತ್ತರ: ಹೊಸದನ್ನೇ ಹಾಕಿಸಿ. ವೆಲ್ಡಿಂಗಿನ ಕಾವಿಗೆ ಶಾಫ್ಟ್ ಬಾಗುತ್ತದೆ. ಅದನ್ನು ಲೇತ್‌ನಲ್ಲಿ ನೇರ ಮಾಡಿದರೂ ತುಂಬಿಸಿದ ಜಾಗದ ಅಂಚಿನಲ್ಲಿ ಲೋಹದ ಗುಣ ಕೆಟ್ಟಿರುವುದರಿಂದ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ನಡುನೀರಿನಲ್ಲಿ ಶಾಫ್ಟ್ ತುಂಡಾಗಿ ಹಿಂಭಾಗ ಪ್ರೊಪೆಲ್ಲರಿನ ಸಮೇತ ಜಾರಿಹೋದರೆ ಅದು ಹಾದುಹೋಗುವ ಕೊಳವೆಯಿಂದ ನೀರು ಒಳನುಗ್ಗುತ್ತದೆ. ಜನರನ್ನು ಕೂರಿಸಿಕೊಂಡು ಹೋಗುವ ಬೋಟಿನಲ್ಲಿ ಇಂಥ ಉಳಿತಾಯ ಬೇಡ.

ನೀವು ಕಂಡ ಗುಳಿಗಳಿಗೆ ಕಾರಣವಿದೆ. ಸ್ಟೇನ್‌ಲೆಸ್ ಸ್ಟೀಲು ತುಕ್ಕು ತಡೆಯಬೇಕಾದರೆ ನೀರಿನಲ್ಲಿ ಕರಗಿದ ಆಮ್ಲಜನಕ ಅದರ ಮೈಗೆ ತಗಲುತ್ತಿರಬೇಕು. ಬೋಟು ಬಹುಕಾಲ ಓಡದೆ ನಿಂತಾಗ ಗ್ಲ್ಯಾಂಡಿನೊಳಗಿನ ನೀರು ಅಲ್ಲೇ ಉಳಿದು ಆಮ್ಲಜನಕ ಮುಗಿದುಹೋಗುತ್ತದೆ. ಉಪ್ಪುನೀರಾದರೆ ಲೋಹವನ್ನು ಇನ್ನೂ ಬೇಗ ತಿನ್ನುತ್ತದೆ. ಹೊಸ ಶಾಫ್ಟಿಗೆ 304 ದರ್ಜೆಗಿಂತ 316 ದರ್ಜೆಯ ಉಕ್ಕು ಮೇಲು. ಅದರಲ್ಲಿರುವ ಮಾಲಿಬ್ಡಿನಂ ಇಂಥ ಗುಳಿಗಳನ್ನು ಹೆಚ್ಚು ತಡೆಯುತ್ತದೆ.

ಆದರೆ ಶಾಫ್ಟನ್ನು ಮಾತ್ರ ಬದಲಿಸಿ ಸುಮ್ಮನಾದರೆ ನಡುಕ ಹೋಗುವ ಭರವಸೆಯಿಲ್ಲ. ಹಿರಿಯೂರು, ಚಿತ್ರದುರ್ಗದ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಂದರೆ ಲಾರಿಯದೇ ನೆನಪಿಗೆ ಬರುತ್ತದೆ. ಲಾರಿಯ ಶಾಫ್ಟಿನ ಎರಡು ತುದಿಗೂ ಯೂನಿವರ್ಸಲ್ ಜಾಯಿಂಟ್ ಇರುವುದರಿಂದ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್ಲಿಗೂ ಇರುವ ಓರೆಯನ್ನು ಅದು ನುಂಗಿಕೊಳ್ಳುತ್ತದೆ. ನಿಮ್ಮಂಥ ಬೋಟಿನಲ್ಲಿ ಇರುವುದು ಒಂದೇ ಗಟ್ಟಿ ಸರಳು; ಗೇರ್‌ಬಾಕ್ಸಿನ ಫ್ಲ್ಯಾಂಜಿಗೆ (ತುದಿಯ ದುಂಡು ತಟ್ಟೆಗೆ) ನೇರವಾಗಿ ಬೋಲ್ಟಿನಿಂದ ಬಿಗಿದಿರುತ್ತಾರೆ. ಓರೆ ಕೂದಲೆಳೆಯಷ್ಟಿದ್ದರೂ ಸರಳು ಪ್ರತಿ ಸುತ್ತಿನಲ್ಲಿ ಬಾಗಿ ನೆಟ್ಟಗಾಗುತ್ತದೆ, ಶಾಫ್ಟನ್ನು ಹಿಂತುದಿಯಲ್ಲಿ ಹಿಡಿದಿರುವ ಬುಷ್ ಒಂದೇ ಕಡೆ ಸವೆಯುತ್ತದೆ, ಗ್ಲ್ಯಾಂಡ್ ಸೋರುತ್ತದೆ. ಆದ್ದರಿಂದ ಮೆಕ್ಯಾನಿಕ್ ಎಷ್ಟೇ ಪಳಗಿದವರಾದರೂ ಅಲೈನ್‌ಮೆಂಟ್ (ಶಾಫ್ಟೂ ಗೇರ್‌ಬಾಕ್ಸೂ ಒಂದೇ ನೇರದಲ್ಲಿವೆಯೇ ಎಂದು) ನೋಡದೆ ಬೋಲ್ಟ್ ಬಿಗಿಯಲು ಬಿಡಬೇಡಿ.

ಹಳೆಯ ಶಾಫ್ಟನ್ನು ಬಿಚ್ಚುವಾಗ ಕಪ್ಲಿಂಗಿಗೆ (ಶಾಫ್ಟನ್ನು ಗೇರ್‌ಬಾಕ್ಸಿಗೆ ಕೂಡಿಸುವ ಭಾಗಕ್ಕೆ) ಸುತ್ತಿಗೆಯಿಂದ ಹೊಡೆಯಬಾರದು. ಆ ಏಟು ಗೇರ್‌ಬಾಕ್ಸಿನ ಬೇರಿಂಗಿಗೆ ತಗಲುತ್ತದೆ. ಕಪ್ಲಿಂಗಿನ ಬೋಲ್ಟ್ ಬಿಚ್ಚಿ, ಎರಡು ಫ್ಲ್ಯಾಂಜುಗಳ ನಡುವೆ ಶಾಫ್ಟಿನ ತುದಿಗೆ ಒತ್ತುವಂತೆ ಒಂದು ಸಾಕೆಟನ್ನು ಇಟ್ಟು, ಉದ್ದನೆಯ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ ಶಾಫ್ಟ್ ತಾನಾಗಿ ಹಿಂದಕ್ಕೆ ಜಾರುತ್ತದೆ. ಹಿಂದೆ ಚುಕ್ಕಾಣಿ ಅಡ್ಡ ಬಂದರೆ ಅದನ್ನೂ ಇಳಿಸಬೇಕಾಗುತ್ತದೆ.

ಈಗ ಜತೆಯ ಭಾಗಗಳ ವಿಷಯ. ಹಿಂತುದಿಯಲ್ಲಿರುವ, ಹೊರಗೆ ಹಿತ್ತಾಳೆ, ಒಳಗೆ ಗೀರುಳ್ಳ ರಬ್ಬರಿನ ಬುಷ್‌ಗೆ ನೀರೇ ಎಣ್ಣೆ. ಕೆಸರುನೀರಿನ ಮರಳು ಅದನ್ನು ಬೇಗ ಸವೆಸುತ್ತದೆ. ಶಾಫ್ಟ್ ಹೇಗೂ ಹೊರಬಂದಿರುವಾಗ ಬುಷ್ ಮತ್ತು ಗ್ಲ್ಯಾಂಡಿನೊಳಗೆ ತುಂಬುವ ಪ್ಯಾಕಿಂಗ್ ಎರಡನ್ನೂ ಬದಲಿಸಿಬಿಡಿ. ಎಂಜಿನ್ನಿನ ರಬ್ಬರ್ ಮೌಂಟಿಂಗ್‌ಗಳು ಎಣ್ಣೆ ಕುಡಿದು ಕುಗ್ಗಿದ್ದರೆ ಅವನ್ನು ಅಲೈನ್‌ಮೆಂಟಿಗೆ ಮೊದಲೇ ಬದಲಿಸಬೇಕು, ಆಮೇಲೆ ಬದಲಿಸಿದರೆ ಮಾಡಿದ ಕೆಲಸ ವ್ಯರ್ಥ.

ಪ್ರೊಪೆಲ್ಲರನ್ನು ಕೂರಿಸುವುದು ತಾಳ್ಮೆಯ ಕೆಲಸ. ಅದರ ಹಿಡಿತವಿರುವುದು ಶಾಫ್ಟಿನ ಇಳಿಜಾರು ತುದಿಯಲ್ಲಿ. ಶಾಫ್ಟಿಗೂ ಪ್ರೊಪೆಲ್ಲರಿಗೂ ನಡುವೆ ಕೂರಿಸುವ ಲೋಹದ ತುಂಡು, ಅಂದರೆ ಕೀ, ಇರುವುದು ಸಹಾಯಕ್ಕೆ ಮಾತ್ರ. ಮೊದಲು ಕೀ ಇಲ್ಲದೆ ಪ್ರೊಪೆಲ್ಲರನ್ನು ಒತ್ತಿ ಕೂರಿಸಿ, ಅದು ನಿಂತಲ್ಲಿ ಶಾಫ್ಟಿನ ಮೇಲೆ ಗುರುತು ಹಾಕಿ. ಆಮೇಲೆ ಕೀ ಇಟ್ಟು ಕೂರಿಸಿದಾಗ ಪ್ರೊಪೆಲ್ಲರ್ ಅದೇ ಗುರುತಿಗೆ ಬರಬೇಕು. ಬಾರದಿದ್ದರೆ ಕೀ ಎತ್ತರವಾಗಿ ಪ್ರೊಪೆಲ್ಲರನ್ನು ಮೇಲಕ್ಕೆತ್ತಿ ಹಿಡಿದಿದೆ ಎಂದರ್ಥ. ಆಗ ಕೀಯನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಪ್ರೊಪೆಲ್ಲರಿನ ರೆಕ್ಕೆಗಳನ್ನೂ ನೋಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದ ಜಲಾಶಯವಿದು. ಮಟ್ಟ ಏರಿಳಿಯುವ ಅಂಚಿನಲ್ಲಿ ಕಲ್ಲು, ಕೊರಡು ಕಣ್ಣಿಗೆ ಬೀಳುವುದಿಲ್ಲ. ರೆಕ್ಕೆಯೊಂದು ಸೊಟ್ಟಗಾಗಿದ್ದರೆ ಹೊಸ ಶಾಫ್ಟೂ ನಡುಗುತ್ತದೆ.

ಅಲೈನ್‌ಮೆಂಟನ್ನು ಬೋಟು ನೀರಿಗಿಳಿದ ಮೇಲೆಯೇ ಮಾಡಬೇಕು. ದಡದ ಮೇಲಿರುವಾಗ ಫೈಬರ್ ತಳ ಒಂದು ಆಕಾರದಲ್ಲಿದ್ದರೆ ತೇಲುವಾಗ ಇನ್ನೊಂದು ಆಕಾರಕ್ಕೆ ಬರುತ್ತದೆ. ಹಾಗಾಗಿ ಇಳಿಸಿ ಒಂದೆರಡು ದಿನ ಬಿಟ್ಟು ನೋಡುವುದು ಒಳ್ಳೆಯದು. ಎರಡು ಫ್ಲ್ಯಾಂಜುಗಳನ್ನು ಕೈಯಿಂದಲೇ ಹತ್ತಿರ ತಂದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಸಂದನ್ನು ಅಳೆಯಿರಿ. ಫ್ಲ್ಯಾಂಜಿನ ವ್ಯಾಸದ ಒಂದು ಇಂಚಿಗೆ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಇದು ಸಾಮಾನ್ಯ ಮಿತಿ; 5 ಇಂಚಿನ ಫ್ಲ್ಯಾಂಜಿಗೆ 5 ಥೌ ಮೀರಬಾರದು. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೆಚ್ಚಿನ ಸಂದು ಶಾಫ್ಟಿನ ಜತೆ ತಾನೂ ತಿರುಗಿದರೆ ಶಾಫ್ಟ್ ಅಥವಾ ಕಪ್ಲಿಂಗ್ ಸೊಟ್ಟಗಿದೆ. ಇದ್ದಲ್ಲೇ ಇದ್ದರೆ ಎಂಜಿನ್ನನ್ನು ಮೌಂಟಿಂಗಿನ ನಟ್ಟುಗಳಿಂದ ಎತ್ತಿಯೋ ಇಳಿಸಿಯೋ ಸರಿಸಬೇಕು.

ಇನ್ನೊಂದು ಮಾತು. ಸಮುದ್ರದ ಬೋಟಿಗೆ ಕಟ್ಟುವ ಸತುವಿನ ಆನೋಡ್ (ಬೋಟಿನ ಲೋಹದ ಬದಲು ತಾನೇ ಸವೆಯುವ ತುಂಡು) ಸಿಹಿನೀರಿನಲ್ಲಿ ಮೇಲೆ ಪದರ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ನಿಮ್ಮ ಜಲಾಶಯದ ವೇದಾವತಿ ನದಿಯ ನೀರಿಗೆ ಮೆಗ್ನೀಸಿಯಂ ಆನೋಡ್ ಹಾಕಿಸಿ.

ಪ್ರಶ್ನೆ: ಸೂಳೆಕೆರೆಯಲ್ಲಿರುವ ನಮ್ಮ ಬೋಟಿನ ಗ್ಲ್ಯಾಂಡಿನಿಂದ ನೀರು ಹನಿಯುತ್ತದೆ. ಒಂದು ಹನಿಯೂ ಬೀಳದಂತೆ ಬಿಗಿ ಮಾಡಬಹುದೆ?
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಹಗ್ಗದಂಥ ಹಳೆಯ ಮಾದರಿಯ ಪ್ಯಾಕಿಂಗ್ ಆಗಿದ್ದರೆ ಹಾಗೆ ಮಾಡಬೇಡಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು. ಪ್ಯಾಕಿಂಗ್ ತಂಪಾಗಿರುವುದು ಆ ನೀರಿನಿಂದಲೇ. ಹನಿ ಪೂರ್ತಿ ನಿಲ್ಲುವಂತೆ ಬಿಗಿದರೆ ಪ್ಯಾಕಿಂಗ್ ಕಾದು ಗಟ್ಟಿಯಾಗಿ ಶಾಫ್ಟನ್ನೇ ಕೊರೆಯುತ್ತದೆ. ಸ್ವಲ್ಪ ಹೊತ್ತು ಓಡಿಸಿ ಎಂಜಿನ್ ನಿಲ್ಲಿಸಿದ ಮೇಲೆ ಗ್ಲ್ಯಾಂಡನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ನಟ್ಟನ್ನು ಸಡಿಲಿಸಿ. ಹೊಸ ಪ್ಯಾಕಿಂಗ್ ಹಾಕುವಾಗ ಹಳೆಯ ಸುತ್ತುಗಳನ್ನೆಲ್ಲ ತೆಗೆದು, ಪ್ರತಿ ಸುತ್ತನ್ನೂ ಬೇರೆಯಾಗಿ ಕತ್ತರಿಸಿ, ಒಂದರ ಕೂಡುಜಾಗ ಇನ್ನೊಂದರ ನೇರಕ್ಕೆ ಬಾರದಂತೆ ಕೂರಿಸಬೇಕು.