ಶರ್ಯತ್ತಿನ ನಂತರ ಕುದುರೆಯ ಮುಂಗಾಲು ಊದಿದೆ, ಬರೆ ಹಾಕಿಸಬೇಕಾ? ಎಷ್ಟು ದಿನಕ್ಕೆ ಮತ್ತೆ ಗಾಡಿಗೆ ಕಟ್ಟಬಹುದು?

ನೀವು ಬರೆದದ್ದು ಇಷ್ಟು. ಜಮಖಂಡಿ ಕಡೆ ಜಾತ್ರೆಯಲ್ಲಿ ಗಾಡಿ ಶರ್ಯತ್ತು ಓಡಿಸಿದ್ದೀರಿ. ಮರುದಿನ ಕುದುರೆಯ ಎಡ ಮುಂಗಾಲು ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಊದಿದೆ, ಮುಟ್ಟಿದರೆ ಬಿಸಿ, ಕುಂಟುತ್ತಿದೆ. ಊರ ಹಿರಿಯರು ಬರೆ ಹಾಕಿಸು ಅನ್ನುತ್ತಿದ್ದಾರೆ. ಮುಂದಿನ ತಿಂಗಳು ಇನ್ನೊಂದು ಶರ್ಯತ್ತಿದೆ, ಅಷ್ಟರಲ್ಲಿ ಆರಾಮ ಆಗುತ್ತಾ ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗಲ್ಲ. ಮುಂದಿನ ತಿಂಗಳದ್ದು ಬಿಡಿ, ಈ ವರ್ಷದ ಶರ್ಯತ್ತನ್ನೇ ಮರೆತುಬಿಡಿ. ಬೇಜಾರಾಗುತ್ತದೆ, ಗೊತ್ತು.

ನಾನು ಡಾಕ್ಟರ್ ಅಲ್ಲ. ವಿಜಯಪುರದವನು. ಅಜ್ಜ ಗೋಲಗುಂಬಜ್ ಕಡೆ ಟಾಂಗಾ ಹೊಡೆಯುತ್ತಿದ್ದರು, ಅಪ್ಪನೂ ಸ್ವಲ್ಪ ವರ್ಷ ಹೊಡೆದರು, ನಾನು ಕುದುರೆ ಸಾಕಿದ್ದು ಮಾತ್ರ ಸುಮ್ನೆ ಶರ್ಯತ್ತಿನ ಹುಚ್ಚಿಗೆ. ನಿಮ್ಮ ಕುದುರೆಗೆ ಆದದ್ದೇ ನಮ್ಮ ರಾಜಾನಿಗೂ ಆಗಿತ್ತು, ಅದೂ ಎರಡು ಸಲ. ಎರಡನೇ ಸಲ ಆದದ್ದು ಪೂರ್ತಿ ನನ್ನ ತಪ್ಪಿನಿಂದ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕುದುರೆಗೆ ಮೊಣಕಾಲಿನಿಂದ ಕೆಳಗೆ ಮಾಂಸವೇ ಇಲ್ಲ. ಬರೀ ಎಲುಬು, ನರ, ಮೇಲೆ ಚರ್ಮ. ನಾವು ನರ ಅನ್ನುವುದನ್ನು ಡಾಕ್ಟರು ಟೆಂಡನ್ ಅನ್ನುತ್ತಾರೆ. ನಿಂತಾಗಲೇ ಮೈಭಾರದಲ್ಲಿ ಸುಮಾರು 60 ಪರ್ಸೆಂಟ್ ಮುಂಗಾಲುಗಳ ಮೇಲೆ ಬೀಳುತ್ತದೆ. ಓಡುವಾಗ ಕಾಲಿನ ಹಿಂದಿರುವ ಆ ನರ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತಿರುತ್ತದೆ, ಸುಸ್ತಾದ ಕುದುರೆಯನ್ನು ಕೊನೆಯ ಓಟಕ್ಕೆ ಚಾಟಿ ಬೀಸಿ ಎಬ್ಬಿಸಿದಾಗ ಒಳಗಿನ ಎಳೆಗಳು ಹರಿಯುತ್ತವೆ. ಅಲ್ಲಿಗೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಕೂಡುವುದೂ ನಿಧಾನ. ಕೂಡಿದರೂ ಮೊದಲಿನ ನರ ಬರಲ್ಲ, ಗಾಯದ ಗುರುತಿನಂಥ ಗಡಸು ಎಳೆ ಬರುತ್ತದೆ. ಧೋತರ ಹರಿದಲ್ಲಿ ಗೋಣಿಚೀಲದ ತೇಪೆ ಹಾಕಿದ ಹಾಗೆ. ತೇಪೆ ಗಟ್ಟಿ ಇರುತ್ತದೆ, ಆದರೆ ಹಿಗ್ಗಲ್ಲ, ಮುಂದಿನ ಸಲ ತೇಪೆಯ ಅಂಚಿನಲ್ಲೇ ಹರಿಯುತ್ತದೆ.

ರಾಜಾನಿಗೆ ಹಾಗೇ ಆಯಿತು. ಮೊದಲ ಸಲ ಊದಿದಾಗ ಪಕ್ಕದಿಂದ ನೋಡಿದರೆ ಕಾಲಿನ ಹಿಂಬದಿ ಬಾಳೆಕಾಯಿ ಬೆನ್ನಿನ ಹಾಗೆ ಬಾಗಿತ್ತು. ತಣ್ಣೀರು ಬಿಟ್ಟೆವು, ಪಟ್ಟಿ ಕಟ್ಟಿದೆವು, ಮೂರು ವಾರಕ್ಕೆ ಕುಂಟುವುದು ನಿಂತಿತು. ಡಾಕ್ಟರು ಆರು ತಿಂಗಳಿಗೆ ಮೊದಲು ಗಾಡಿ ಬೇಡ ಅಂದಿದ್ದರು. ನಾನು ಕೇಳಲಿಲ್ಲ. ತಬೇಲಾದಲ್ಲಿ ಕುಣಿಯುತ್ತಿದ್ದಾನೆ, ಇನ್ನೇನು ಅಂತ ನಲವತ್ತನೇ ದಿನ ಗಾಡಿಗೆ ಕಟ್ಟಿ ಇಂಡಿ ರೋಡಿನಲ್ಲಿ ಎರಡು ಕಿಲೋಮೀಟರ್ ಓಡಿಸಿದೆ. ಬರುವಾಗ ಅವನು ಮೂರು ಕಾಲಲ್ಲಿ ಬಂದ. ನೋವು ಹೋಗುವುದು ಬೇರೆ, ನರ ಕೂಡುವುದು ಬೇರೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಈಗ ನಿಮ್ಮ ಕುದುರೆ ವಿಷಯಕ್ಕೆ ಬರೋಣ. ಕಾಲು ನೆಲಕ್ಕೆ ಊರುವುದೇ ಇಲ್ಲ ಅಂದರೆ, ಕಾಲಿನ ಗಿಣ್ಣು, ಅಂದರೆ ಗೊರಸಿನ ಮೇಲಿರುವ ಕೀಲು, ನೆಲದ ಕಡೆಗೆ ಕುಸಿದಿದ್ದರೆ, ಅಥವಾ ಕೀಲಿನ ಹತ್ತಿರ ಗಾಯವಾಗಿ ಅಂಟಂಟಾದ ಹಳದಿ ನೀರು ಸೋರುತ್ತಿದ್ದರೆ ಇದನ್ನು ಓದುತ್ತ ಕೂರಬೇಡಿ, ಈಗಲೇ ಡಾಕ್ಟರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಪಶುಸಂಗೋಪನೆ ಇಲಾಖೆಯ ಸಂಚಾರಿ ವಾಹನ ಕೇಳಬಹುದು. ಚರ್ಮ ಒಡೆದಿದ್ದರೆ, ಸಣ್ಣ ತರಚಿದ ಗಾಯವೇ ಆಗಲಿ, ಧನುರ್ವಾಯು ಇಂಜೆಕ್ಷನ್ ಕೇಳಿ ಹಾಕಿಸಿ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಬೇಗ ಧನುರ್ವಾಯು ತಗಲುವುದು ಬೇರೆ ಯಾವುದಕ್ಕೂ ಇಲ್ಲ.

ಹಾಗೇನೂ ಇಲ್ಲ, ಬರೀ ಊತ ಮತ್ತು ಬಿಸಿ ಅಂದರೆ ಮೊದಲ ಎರಡು ಮೂರು ದಿನ ತಣ್ಣೀರೇ ದೊಡ್ಡ ಔಷಧ. ಒಂದು ಸಲಕ್ಕೆ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಪೈಪಿನಿಂದ ನಿಧಾನಕ್ಕೆ ಬಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರು ಚಹಾ ಕಾಸುವಷ್ಟು ಬಿಸಿ ಇರುತ್ತದೆ, ಅದನ್ನು ಬಿಟ್ಟರೆ ಉಲ್ಟಾ ಆಗುತ್ತದೆ. ಬೋರಿನ ನೀರನ್ನೇ ನೇರ ಹಿಡಿಯಿರಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಇಡಿ, ಚರ್ಮಕ್ಕೆ ನೇರವಾಗಿ ಬೇಡ. ಬಿಸಿ ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಗಟ್ಟಿಯಾಗಿ ನೀವುವುದು, ಇದ್ಯಾವುದೂ ಈಗ ಬೇಡವೇ ಬೇಡ.

ಆಮೇಲೆ ಪಟ್ಟಿ. ಎಷ್ಟೋ ಜನ ಇಲ್ಲೇ ಕೆಡಿಸುತ್ತಾರೆ. ಬರೀ ಕ್ರೇಪ್ ಬ್ಯಾಂಡೇಜ್ ತಂದು ಬಿಗಿಯಾಗಿ ಸುತ್ತಿದರೆ ಆ ಒತ್ತಿಗೇ ನರಕ್ಕೆ ಹೊಸ ಪೆಟ್ಟು ಬೀಳುತ್ತದೆ. ಮೊದಲು ಅರಳೆಯ ದಪ್ಪ ಹಾಸು ಬೇಕು, ಎರಡು ಬೆರಳು ದಪ್ಪ, ಸುಕ್ಕಿಲ್ಲದೆ, ಮೊಣಕಾಲಿನ ಕೆಳಗಿನಿಂದ ಗಿಣ್ಣು ಮುಚ್ಚುವವರೆಗೆ. ಅದರ ಮೇಲೆ ಪಟ್ಟಿ. ಕಾಲಿನ ಹೊರಬದಿಯಿಂದ ಹಿಂದಕ್ಕೆ ಹೋಗಿ ಒಳಬದಿಯಿಂದ ಮುಂದಕ್ಕೆ ಬರಬೇಕು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು, ಬಿಗಿ ಎಲ್ಲ ಕಡೆ ಒಂದೇ ಇರಬೇಕು. ಮೇಲಂಚಿನಲ್ಲಿ ಒಂದು ಬೆರಳು ಸಲೀಸಾಗಿ ಹೋಗಬೇಕು. ಗಂಟು ಹೊರಬದಿಗೆ ಬರಲಿ, ಹಿಂದಿನ ನರದ ಮೇಲೆ ಬೇಡ. ದಿನಾ ಬಿಚ್ಚಿ ಕಾಲು ನೋಡಿ ಮತ್ತೆ ಕಟ್ಟಿ. ಇನ್ನೊಂದು ಮಾತು, ಬಲಗಾಲಿಗೂ ಕಟ್ಟಿ. ಎಡಗಾಲಿನ ಭಾರವನ್ನೂ ಈಗ ಅದೇ ಹೊರುತ್ತಿದೆ, ಅಲ್ವಾ? ತುಂಬಾ ದಿನ ಹೀಗೆ ಹೊತ್ತರೆ ಆ ಗೊರಸಿನ ಒಳಗೇ ಉರಿ ಬಂದು ಒಳ್ಳೆ ಕಾಲೂ ಹಾಳಾಗಬಹುದು. ಗೊರಸು ಬಿಸಿಯಾಗಿದೆಯಾ ಅಂತ ದಿನಾ ಮುಟ್ಟಿ ನೋಡಿ.

ನೋವಿನ ಮಾತ್ರೆ, ಇಂಜೆಕ್ಷನ್ ಎಲ್ಲ ಡಾಕ್ಟರು ಕೊಟ್ಟದ್ದು ಮಾತ್ರ. ಮೆಡಿಕಲ್ ಶಾಪಿನಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚುವವರನ್ನು ನೋಡಿದ್ದೇನೆ. ಸತ್ತ ದನ ತಿಂದ ರಣಹದ್ದುಗಳು ಅದರಿಂದ ಸಾಯುತ್ತವೆ ಅಂತ 2006ರಲ್ಲೇ ಪಶುಗಳಿಗೆ ಅದನ್ನು ನಿಲ್ಲಿಸಿದ್ದಾರೆ. ಅದೂ ಅಲ್ಲದೆ ನೋವು ಗೊತ್ತಾಗದಿದ್ದರೆ ಕುದುರೆ ಹರಿದ ಕಾಲಲ್ಲೇ ಜಿಗಿಯುತ್ತದೆ.

ನಾಲು ಹೊಡೆಯುವ ನಾಲಬಂದರನ್ನೂ ಕರೆಸಿ, ಗೊರಸು ನೋಡಲಿ. ಗೊರಸಿನೊಳಗೆ ಮೊಳೆ ಹೊಕ್ಕು ಕೀವಾಗಿದ್ದರೂ ಕಾಲು ಮೇಲಿನವರೆಗೆ ಊದುತ್ತದೆ, ನಾವು ನರ ಅಂದುಕೊಂಡು ಮೋಸ ಹೋಗುತ್ತೇವೆ. ಗೊರಸಿನ ಮುಂದಿನ ತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಾಗಿದ್ದರೆ ಹಿಂದಿನ ನರಕ್ಕೆ ಎಳೆತ ಜಾಸ್ತಿ. ರಾಜಾನ ನಾಲು ಮೂರು ತಿಂಗಳು ಬದಲಿಸಿರಲಿಲ್ಲ ನಾನು, ಆರು ವಾರಕ್ಕೊಮ್ಮೆ ಮಾಡಿಸಬೇಕಿತ್ತು.

ಬರೆ ಬೇಡ. ನಮ್ಮಪ್ಪ ಒಂದು ಹೆಣ್ಣು ಕುದುರೆಗೆ ಹಾಕಿಸಿದ್ದರು. ಆಮೇಲೆ ಅದು ಸರಿಯಾಯಿತು ಅಂತ ಈಗಲೂ ವಾದ ಮಾಡುತ್ತಾರೆ. ನಾನು ಕೇಳುವುದು ಇಷ್ಟೇ, ಬರೆ ಹಾಕಿದ ಮೇಲೆ ಅದನ್ನು ಎಂಟು ತಿಂಗಳು ಕಟ್ಟಿಹಾಕಿದ್ದಿರಲ್ಲ, ಸರಿ ಮಾಡಿದ್ದು ಬರೆನಾ, ಆ ಎಂಟು ತಿಂಗಳಾ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿ, ಬರೆಯಿಂದ ನರ ಬೇಗ ಕೂಡುವುದಿಲ್ಲ ಅಂತ 1983ರಲ್ಲೇ ಬರೆದಿದ್ದಾರೆ. ಊದಿದ ಕಾಲಿಗೆ ಸುಟ್ಟ ಗಾಯ ಒಂದು ಹೆಚ್ಚಾಗುತ್ತದೆ, ಅದರ ಮೇಲೆ ನೊಣ.

ಊತ ಇಳಿದ ಮೇಲೆ ಶುರುವಾಗುವುದು ಕಷ್ಟದ ಕೆಲಸ, ಯಾಕೆಂದರೆ ಮಾಡಲು ಏನೂ ಇರಲ್ಲ, ಕಾಯುವುದಷ್ಟೇ. ಅಲ್ಟ್ರಾಸೌಂಡ್ ಮಾಡಿಸಿದರೆ ಎಷ್ಟು ಹರಿದಿದೆ ಅಂತ ಕಾಣುತ್ತದೆ. ಎಲ್ಲಿ ಮಾಡುತ್ತಾರೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಗದಗದ ವೆಟರ್ನರಿ ಕಾಲೇಜಿಗೂ ಫೋನ್ ಮಾಡಿ ವಿಚಾರಿಸಿ. ಡಾಕ್ಟರು ಹೂಂ ಅಂದ ಮೇಲೆ ಕೈಯಲ್ಲಿ ಹಗ್ಗ ಹಿಡಿದು ದಿನಕ್ಕೆ ಐದು ಹತ್ತು ನಿಮಿಷ ನಡೆಸಿ. ಎರಡು ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿ. ಈ ನಡಿಗೆ ಬರೀ ಕಾಲಹರಣ ಅಲ್ಲ. ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿ ಬೆಳೆಯುತ್ತವೆ, ಹದವಾದ ಭಾರ ಬಿದ್ದರೆ ಮಾತ್ರ ಉದ್ದಕ್ಕೆ ನೇರ ಸಾಲಾಗುತ್ತವೆ. ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲದ ಸಮ ದಾರಿ ಇದ್ದರೆ ಒಳ್ಳೆಯದು. ಕಪ್ಪು ಮಣ್ಣಿನ ಎರೆ ಹೊಲಕ್ಕೆ ಮಾತ್ರ ಇಳಿಸಬೇಡಿ, ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಗುತ್ತದೆ, ಮಳೆಗಾಲದಲ್ಲಿ ಮಣ್ಣೇ ಕಾಲು ಹಿಡಿದು ಎಳೆಯುತ್ತದೆ. ನಿಮ್ಮ ಕಡೆಯೂ ಎರೆಯೇ ಜಾಸ್ತಿ ಅಲ್ವಾ.

ನಡಿಗೆ ಅಂದರೆ ನೆನಪಾಯಿತು. ಚಿಕ್ಕೋಡಿ ಕಡೆಯ ಅಂಕಲಿಯಿಂದ ಪ್ರತಿ ವರ್ಷ ಜ್ಞಾನೇಶ್ವರರ ಪಾಲಖಿಗೆ ಪುಣೆ ಹತ್ತಿರದ ಆಳಂದಿಯವರೆಗೆ ಕುದುರೆಗಳು ನಡೆದೇ ಹೋಗುತ್ತವೆ, ಮುನ್ನೂರು ಕಿಲೋಮೀಟರಿನ ಹತ್ತಿರ ಹತ್ತಿರ. ದಿನಕ್ಕಿಷ್ಟೇ ಅಂತ ನಡೆದು, ತಂಗಿ, ಮತ್ತೆ ನಡೆಯುವುದು. ಕುದುರೆ ಕಾಲಿಗೆ ದೂರ ಭಾರವಲ್ಲ, ಅವಸರ ಭಾರ.

ಕಾಳು ಕಡಿಮೆ ಮಾಡಿ. ಶರ್ಯತ್ತಿನ ಕುದುರೆಗೆ ಹಾಕುವಷ್ಟು ಕಡಲೆ, ಹುರುಳಿಯನ್ನು ಕೆಲಸವಿಲ್ಲದೆ ನಿಂತ ಕುದುರೆಗೂ ಹಾಕಿದರೆ ಮೈ ಬೆಳೆದು ಆ ಭಾರವೂ ಕಾಲಿಗೇ, ಮೇಲೆ ಮದ ಬಂದು ಕಟ್ಟಿದಲ್ಲೇ ಒದೆಯುತ್ತದೆ. ಒಣ ಹುಲ್ಲು, ಜೋಳದ ಕಣಿಕೆ ಸಾಕು, ನೀರು ಯಾವಾಗಲೂ ಇರಲಿ.

ಲೆಕ್ಕ ಹೀಗೆ ಇಟ್ಟುಕೊಳ್ಳಿ: ಮೂರು ತಿಂಗಳು ಬರೀ ನಡಿಗೆ, ಆಮೇಲೆ ಡಾಕ್ಟರು ಕಾಲು ನೋಡಿ ಹೇಳಿದರೆ ಸ್ವಲ್ಪ ಸ್ವಲ್ಪ ದುಡಿಕಿ (ನಿಧಾನದ ಓಟ), ಹಗುರ ಗಾಡಿಗೆ ಆರು ತಿಂಗಳಾದರೂ ಬೇಕು, ಜೋರು ಓಟಕ್ಕೆ ಒಂಬತ್ತರಿಂದ ಹನ್ನೆರಡು. ಇಷ್ಟಾದರೂ ಮತ್ತೆ ಹರಿಯಬಹುದು. ರಾಜಾನನ್ನು ನಾವು ಹದಿನಾಲ್ಕನೇ ತಿಂಗಳಿಗೆ ಗಾಡಿಗೆ ಕಟ್ಟಿದೆವು, ಶರ್ಯತ್ತಿಗೆ ಒಯ್ಯಲೇ ಇಲ್ಲ. ಈಗ ಮದುವೆ ಮೆರವಣಿಗೆಗೆ ಹೋಗುತ್ತಾನೆ, ಬ್ಯಾಂಡಿನವರನ್ನು ಕಂಡರೆ ಆಗಲ್ಲ ಅವನಿಗೆ, ಆದರೂ ಹೋಗುತ್ತಾನೆ. ಕಾಲಿನ ಆ ಉಬ್ಬು ಹಾಗೇ ಇದೆ.

ಮತ್ತೆ, ನೀವು ಹಾಕಿದ ಫೋಟೋ ಎದುರಿನಿಂದ ತೆಗೆದದ್ದು, ಅದರಲ್ಲಿ ಏನೂ ಗೊತ್ತಾಗುತ್ತಿಲ್ಲ. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಪಕ್ಕದಿಂದ ಒಂದು ತೆಗೆಯಿರಿ, ಎರಡೂ ಮುಂಗಾಲು ಕಾಣುವ ಹಾಗೆ. ಅದನ್ನು ನಿಮ್ಮ ಡಾಕ್ಟರಿಗೂ ಕಳಿಸಿ.